ಪಿತ್ತನಾಳದ ಅರ್ಬುದ: ಎರಡನೆಯ ಚಿಕಿತ್ಸೆಯ ತಾರತಮ್ಯ ವಿಚಾರ

ಪಿತ್ತನಾಳ, ಪಿತ್ತಕೋಶಗಳ ಅರ್ಬುದವು ವಿರಳವಾದ ವ್ಯಾಧಿ. ಬಲಿತ ರೋಗದಲ್ಲಿ ಜೆಮ್‌ಸಿಟಬೀನ್, ಸಿಸ್‌ಪ್ಲಾಟಿನ್‌ಗಳ ಮೊದಲ ಚಿಕಿತ್ಸೆ ನಿಷ್ಫಲವಾದರೆ ಮುಂದೇನೆಂಬುದಕ್ಕೆ 2021ರಲ್ಲಿ ಎರಡು ಉತ್ತರಗಳು ಪ್ರಕಟವಾದವು. ಬ್ರಿಟನ್ನಿನ ಎಬಿಸಿ-06 ಪರೀಕ್ಷೆಯ 162 ರೋಗಿಗಳಲ್ಲಿ, ಉಪಶಮನ ಶುಶ್ರೂಷೆಯೊಡನೆ ಫಾಲ್ಫಾಕ್ಸ್ ಪಡೆದವರ ಮಧ್ಯಾಂಕ ಜೀವಿತಾವಧಿ 6.2 ತಿಂಗಳು, ಶುಶ್ರೂಷೆಯನ್ನು ಮಾತ್ರ ಪಡೆದವರದು 5.3. ಕೊರಿಯದ ನಿಫ್ಟಿ ಪರೀಕ್ಷೆಯಲ್ಲಿ ಫ್ಲೂರೊಯುರಾಸಿಲ್‌ನೊಡನೆ ಲೈಪೊಸೋಮಲ್ ಇರಿನೊಟಿಕನ್ ಪಡೆದವರದು 8.6.

ಈ ಅಂಕಿಗಳನ್ನು ಎದುರುಬದುರಿಟ್ಟು ಕೊರಿಯದ ಕ್ರಮವೇ ಮೇಲೆಂದು ನಿರ್ಣಯಿಸುವುದು ದುಡುಕು. ರೋಗಿವರ್ಗ ಬೇರೆ, ಹೋಲಿಕೆಗಿಟ್ಟ ಪಕ್ಷವೂ ಬೇರೆ. ಬೇರೆ ಬೇರೆ ಪ್ರತಿಗಳ ಪಾಠಗಳನ್ನು ಪರಂಪರೆ ನೋಡದೆ ತೂಗಿದಂತಾದೀತು. ಜರ್ಮನಿಯ ನಾಲಿರಿಕ್ ಪರೀಕ್ಷೆಯಲ್ಲಿ ಅದೇ ಔಷಧದಿಂದ ಆಯುಸ್ಸು ಹೆಚ್ಚಲಿಲ್ಲ. ಹಾಗೆಯೇ ಫಾಲ್ಫಾಕ್ಸಿನ 0.9 ತಿಂಗಳ ಅಂತರವನ್ನು ಅಲ್ಪವೆಂದು ತಳ್ಳುವುದೂ ಸಲ್ಲದು: ವರ್ಷಾಂತ್ಯಕ್ಕೆ ಬದುಕಿದ್ದವರು ಒಂದು ಪಕ್ಷದಲ್ಲಿ ನೂರಕ್ಕೆ 25.9, ಇನ್ನೊಂದರಲ್ಲಿ 11.4. ಮಧ್ಯಾಂಕವೊಂದೇ ಇದನ್ನು ಮರೆಮಾಡುತ್ತದೆ.

ಎರಡು ಕ್ರಮಗಳೂ ಹದಿನಾಲ್ಕು ದಿನಗಳಿಗೊಮ್ಮೆ 46 ಗಂಟೆಗಳ ಕಾಲ ರಕ್ತನಾಳಕ್ಕೆ ಔಷಧವಿಳಿಸುವುದನ್ನು ಬೇಡುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತನು ಅದಕ್ಕಾಗಿ ಹೊಗೆಸೊಪ್ಪು, ಭತ್ತಗಳ ಕೆಲಸ ಬಿಟ್ಟು ಮೈಸೂರಿಗೆ ಹೋಗಬೇಕಾದರೆ, ಗಳಿಸಿದ ದಿನಗಳಲ್ಲಿ ಎಷ್ಟು ಹಾದಿಯಲ್ಲಿ ಕಳೆದುವೆಂಬುದನ್ನು ಆ ಅಂಕಿಗಳು ಹೇಳವು. ಫಾಲ್ಫಾಕ್ಸಿನ ಪ್ರಯೋಜನ ಸಣ್ಣದಾದರೂ ಶುಶ್ರೂಷೆಯೆದುರಿಗೇ ಪರೀಕ್ಷಿತವಾದುದು. ಇನ್ನೊಂದರ ಸಾಕ್ಷ್ಯ ಇಬ್ಬಗೆಯಾಗಿದೆ. ಆದಕಾರಣ ‘ಉತ್ತಮ’ವೆಂಬ ಪದವನ್ನು ಪ್ರಯೋಗಿಸುವವರು ಯಾವುದಕ್ಕಿಂತ, ಯಾರಿಗೆ ಎಂಬುದನ್ನೂ ಜೊತೆಯಲ್ಲೇ ಹೇಳುವುದು ಯುಕ್ತ.