ಹಳೆಯ ಹೋಟೆಲು ಎಂದರೆ ಯಾವುದು? ಮುಂಬಯಿಯ ಊಟದ ಮನೆಗಳನ್ನು ಕುರಿತು ಒಂದು ವಿವೇಚನೆ

೧

ಊರಿನಿಂದ ಮುಂಬಯಿಗೆ ಬರುವ ಅತಿಥಿಗಳು ಹಿಂದೆ ಸಮುದ್ರವನ್ನು ತೋರಿಸಿ ಎನ್ನುತ್ತಿದ್ದರು. ಈಚೆಗೆ ಅವರ ಕೇಳಿಕೆ ಬೇರೆಯಾಗಿದೆ. “ಇಲ್ಲಿ ಹಳೆಯ ಕಾಲದ ಒಳ್ಳೆಯ ಹೋಟೆಲು ಯಾವುದಿದೆ? ಅಲ್ಲಿಗೆ ಕರೆದುಕೊಂಡು ಹೋಗಿ” ಎನ್ನುತ್ತಾರೆ. ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರ ಹೇಳಹೊರಟಾಗಲೇ ಅದರ ತೊಡಕು ತಿಳಿಯುವುದು. ‘ಹಳೆಯ’, ‘ಒಳ್ಳೆಯ’ ಎಂಬ ಎರಡು ಮಾತುಗಳನ್ನು ನಾವು ಒಂದೇ ಉಸಿರಿನಲ್ಲಿ ಆಡಿಬಿಡುತ್ತೇವೆ, ಒಂದಿದ್ದಲ್ಲಿ ಇನ್ನೊಂದು ಇದ್ದೇ ತೀರುವುದೆಂಬಂತೆ. ಈ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಧಾರವಾಡದಿಂದ ಬಂದಿದ್ದ ಹಿರಿಯ ಮಿತ್ರರೊಬ್ಬರು ಒಂದು ಪಟ್ಟಿಯನ್ನೇ ಕೈಯಲ್ಲಿ ಹಿಡಿದಿದ್ದರು. ಅದರಲ್ಲಿ ಎಂಟು ಹೋಟೆಲುಗಳ ಹೆಸರು; ಒಂದೊಂದರ ಮುಂದೆಯೂ ಅದು ಸ್ಥಾಪನೆಯಾದ ಇಸವಿ. ಮೊದಲನೆಯದಕ್ಕೆ ಹೋದೆವು. ಗೋಡೆಯ ತುಂಬ ಟ್ರಾಮುಗಳ ಚಿತ್ರಗಳು. ಚಿತ್ರಗಳು ಹಳೆಯವು, ಅವುಗಳ ಕಟ್ಟುಗಳು ಹೊಸವು. ಕುರ್ಚಿಗಳಿಗೆ ಆಗತಾನೆ ಹಚ್ಚಿದ ಮೆರುಗು. ಮಾಣಿ ತಂದಿಟ್ಟ ತಿಂಡಿಯ ಪಟ್ಟಿಯಲ್ಲಿ ನೂರಕ್ಕೆ ಮಿಕ್ಕಿದ ಪದಾರ್ಥಗಳು. ನಾವು ಹೇಳಿದ ಸಾರು ಉಗುರುಬೆಚ್ಚಗೆ ಬಂತು. ಇಡ್ಲಿಯಲ್ಲಿ ಹಿಂದಿನ ದಿನದ ಹುಳಿ. ಸುತ್ತ ಕುಳಿತವರೆಲ್ಲ ನಮ್ಮ ಹಾಗೆಯೇ ನೋಡಲು ಬಂದವರು. ಹೊರಗೆ ಬಂದ ಮೇಲೆ ಮಿತ್ರರು, “ಇಸವಿ ಖರೇ ಅದ, ಸಾರು ಖರೇ ಇಲ್ಲ ನೋಡ್ರಿ” ಎಂದರು. ಈ ವಿಷಯದಲ್ಲಿ ನಾನು ಕೇಳಿದ ಒಳ್ಳೆಯ ವಿಮರ್ಶಾವಾಕ್ಯಗಳಲ್ಲಿ ಅದು ಒಂದು.

ಹೋಟೆಲಿನ ಹಳೆತನವನ್ನು ಇಸವಿಯಿಂದಾಗಲಿ, ಕುರ್ಚಿಯಿಂದಾಗಲಿ ಅಳೆಯಲಾಗದು. ಆ ಮನೆ ಯಾರ ಹಸಿವಿಗಾಗಿ ಹುಟ್ಟಿತೋ ಆತನು, ಅಥವಾ ಆತನಂಥವನು, ಇಂದಿಗೂ ಅಲ್ಲಿ ಕುಳಿತು ಉಣ್ಣುತ್ತಿದ್ದಾನೆಯೆ ಎಂಬುದೇ ತಕ್ಕ ಅಳತೆ. ನಾನು ಹೇಳಬೇಕಾದುದು ಇಷ್ಟೇ. ಆದರೆ ಇದನ್ನು ನಿದರ್ಶನಗಳಿಂದ ತೋರಿಸದೆ ಹೇಳಿದರೆ ಬರಿಯ ಮಾತಾದೀತು.

೨

ಮುಂಬಯಿಯಲ್ಲಿ ಮನೆಯ ಹೊರಗೆ ಉಣ್ಣುವ ರೂಢಿ ಬೆಳೆದ ಬಗೆಯನ್ನು ಫ್ರಾಂಕ್ ಕಾನ್ಲನ್ ಅವರು ೧೯೯೫ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ವಿವೇಚಿಸಿದ್ದಾರೆ. ಉಡುಪಿ ಹೋಟೆಲುಗಳನ್ನು ಕುರಿತು ಮ್ಯಾಡ್ಸನ್ ಮತ್ತು ಗಾರ್ಡೆಲ್ಲಾ ಅವರ ಪ್ರಬಂಧ ೨೦೧೨ರಲ್ಲಿ ಹೊರಬಂದಿದೆ. ಪರದೇಶದ ವಿದ್ವಾಂಸರು ನಮ್ಮ ಸಾರು ಅನ್ನವನ್ನು ಸಂಶೋಧನೆಯ ವಸ್ತುವಾಗಿ ಕಂಡಿರುವಾಗ ನಾವು ಅದನ್ನು ಕೇವಲ ಬಾಯಿಚಪಲದ ವಿಷಯವೆಂದು ಬಿಟ್ಟುಬಿಡುವುದು ಸರಿಯಲ್ಲ. ಅದಕ್ಕೆ ಬೇಕಾದ ಮೊದಲ ಆಕರ ನಮ್ಮ ಕಣ್ಣೆದುರಿಗೇ ಇದೆ. ಅದು ಹೋಟೆಲುಗಳ ಹೆಸರು ಹಲಗೆ.

ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕರು ೧೯೪೨ರಲ್ಲಿ ತೆರೆದ ಊಟದ ಮನೆಯ ಹೆಸರು ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’. ಇಲ್ಲಿ ಎಲ್ಲರೂ ಉಡುಪಿಯನ್ನೂ ಕೃಷ್ಣನನ್ನೂ ಗಮನಿಸುತ್ತಾರೆ. ಮುಖ್ಯವಾದ ಶಬ್ದ ‘ಬೋರ್ಡಿಂಗ್’. ಹೆಂಡತಿಮಕ್ಕಳನ್ನು ಊರಿನಲ್ಲಿ ಬಿಟ್ಟು, ಕೋಣೆಯೊಂದರಲ್ಲಿ ನಾಲ್ವರೊಡನೆ ಮಲಗಿ, ಹಗಲೆಲ್ಲ ಕಚೇರಿಯಲ್ಲಿ ದುಡಿಯುವ ಗುಮಾಸ್ತನಿಗೆ ಎರಡು ಹೊತ್ತಿನ ಊಟದ ಏರ್ಪಾಡು ಎಂಬುದೇ ಆ ಮಾತಿನ ಅರ್ಥ. ಕಾಲಬಾದೇವಿಯ ಪೇಟೆಗೆ ಹೋದರೆ ‘ಫ್ರೆಂಡ್ಸ್ ಯೂನಿಯನ್ ಜೋಶಿ ಕ್ಲಬ್’ ಎಂಬ ಹೆಸರು ಕಾಣುತ್ತದೆ. ಅಲ್ಲಿ ಇಸ್ಪೀಟೂ ಇಲ್ಲ, ಬಿಲಿಯರ್ಡ್ಸೂ ಇಲ್ಲ. ವ್ಯಾಪಾರಕ್ಕಾಗಿ ಮನೆ ಬಿಟ್ಟು ಬಂದವರ ಪಂಕ್ತಿಯೂಟಕ್ಕೆ ಕ್ಲಬ್ ಎಂಬ ಹೆಸರು ಬಿದ್ದಿದೆ. ಅದೇ ಪೇಟೆಯಲ್ಲಿ ೧೯೪೫ರಿಂದ ನಡೆದುಬಂದಿರುವ ಠಾಕರ್ ಭೋಜನಾಲಯದ ಹುಟ್ಟೂ ಅಂಥದೇ. ಗಿರಗಾಂವ, ದಾದರಗಳ ಮರಾಠಿ ಮನೆಗಳು ‘ಉಪಾಹಾರಗೃಹ’, ‘ಆರೋಗ್ಯಭುವನ’ ಎಂದು ಕರೆದುಕೊಂಡವು. ಹೊರಗೆ ತಿಂದರೆ ಹೊಟ್ಟೆ ಕೆಡುವುದೆಂದು ಅಂಜುತ್ತಿದ್ದ ಗೃಹಸ್ಥನಿಗೆ ಆ ಹೆಸರುಗಳೇ ಅಭಯ. ಧೋಬಿ ತಲಾವಿನಲ್ಲಿ ೧೯೦೪ರಲ್ಲಿ ತೆರೆದ ಇರಾಣಿ ಅಂಗಡಿ ‘ಕಯಾನಿ ಅಂಡ್ ಕಂಪನಿ’. ಚಹದ ಅಂಗಡಿಗೆ ಕಂಪನಿಯೇಕೆ ಎಂದು ನಗಬಾರದು; ಬ್ರೆಡ್ಡು, ಬಿಸ್ಕತ್ತು, ದಿನಬಳಕೆಯ ಚಿಲ್ಲರೆ ಸಾಮಾನುಗಳನ್ನೆಲ್ಲ ಮಾರಿ, ಅದರ ಜೊತೆಗೆ ಚಹವನ್ನೂ ಕೊಡುವುದು ಇರಾಣಿಗಳ ಕ್ರಮವಾಗಿತ್ತು.

ಇನ್ನೂ ಒಂದು ಸ್ವಾರಸ್ಯವುಂಟು. ಮಾಟುಂಗಾದ ಕಿಂಗ್ಸ್ ಸರ್ಕಲ್ ಬಳಿ ೧೯೩೬ರಿಂದ ‘ಕೆಫೆ ಮೈಸೂರು’ ಇದೆ, ೧೯೪೦ರಿಂದ ‘ಕೆಫೆ ಮದ್ರಾಸ್’ ಇದೆ. ಮೊದಲನೆಯದು ರಾಮ ನಾಯಕರದು, ಎರಡನೆಯದು ಕಾಮತರ ಮನೆತನದ್ದು. ಇಬ್ಬರ ಮೂಲವೂ ಮೈಸೂರಲ್ಲ, ಮದರಾಸಲ್ಲ, ಕೆನರಾ ಕರಾವಳಿ. ಮಾಟುಂಗಾದಲ್ಲಿ ಆಗ ನೆಲೆಸುತ್ತಿದ್ದವರಲ್ಲಿ ತಮಿಳರು ಬಹಳ. ಉಳಿದ ದಕ್ಷಿಣದವರೂ ಇದ್ದರು. ಹಲಗೆಯ ಮೇಲೆ ಬಂದದ್ದು ಮಾಲೀಕನ ಊರಲ್ಲ, ಗಿರಾಕಿಯ ಕಿವಿಗೆ ಹಿತವಾಗುವ ಊರು. ಹೆಸರು ಹಲಗೆಯನ್ನು ಹೀಗೆ ಓದಿದರೆ, ಈ ಮನೆ ಯಾರನ್ನು ಕರೆಯುತ್ತಿತ್ತು ಎಂಬುದು ತಾನಾಗಿಯೇ ಹೊರಪಡುತ್ತದೆ. ಪರಸ್ಥಳದ ಅತಿಥಿಗೆ ನಾನು ಕೊಡುವ ಮೊದಲ ಸೂಚನೆ ಇದು: ಇಸವಿಯನ್ನು ಬಿಟ್ಟು ಹೆಸರನ್ನು ಓದಿರಿ.

೩

‘ಇಷ್ಟು ವರ್ಷ ಬಾಳಿರುವುದೇ ಒಳ್ಳೆಯತನಕ್ಕೆ ಸಾಕ್ಷಿಯಲ್ಲವೆ?’ ಎಂಬ ಆಕ್ಷೇಪ ಇಲ್ಲಿ ಬರಬಹುದು. ಪೂರ್ತಿ ಅಲ್ಲ. ೧೯೪೭ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಹಳೆಯ ಕಟ್ಟಡಗಳ ಬಾಡಿಗೆ ಬಹುಮಟ್ಟಿಗೆ ನಿಂತಲ್ಲೇ ನಿಂತಿತು. ಸುತ್ತಲಿನ ನೆಲದ ಬೆಲೆ ಆಕಾಶಕ್ಕೇರಿದರೂ ಹಳೆಯ ಬಾಡಿಗೆದಾರ ಉಳಿದ. ಎಷ್ಟೋ ಹೋಟೆಲುಗಳು ಅಲ್ಪ ಬೆಲೆಗೆ ಊಟ ಹಾಕಲು ಸಾಧ್ಯವಾದದ್ದರಲ್ಲಿ ಯಜಮಾನನ ಔದಾರ್ಯದಷ್ಟೇ ಈ ಕಾಯಿದೆಯ ಪಾಲೂ ಇದೆ. ಹಾಗೆಯೇ, ಕಟ್ಟಡವನ್ನು ಕೆಡವಿ ಹೊಸತನ್ನು ಕಟ್ಟುವ ಮಾತು ಬಂದೊಡನೆ, ಅಡಿಗೆ ಎಷ್ಟೇ ಚೆನ್ನಾಗಿರಲಿ, ಬಾಗಿಲು ಮುಚ್ಚುತ್ತದೆ. ಆದ್ದರಿಂದ ಉಳಿದದ್ದೆಲ್ಲ ಉತ್ತಮವಲ್ಲ, ಅಳಿದದ್ದೆಲ್ಲ ಅಧಮವೂ ಅಲ್ಲ.

ತಿನಿಸಿನ ವಯಸ್ಸು ಹೋಟೆಲಿನ ವಯಸ್ಸಿಗೆ ಸರಿಯಾಗಿರಬೇಕೆಂದೂ ಇಲ್ಲ. ಬ್ಯಾಲಾರ್ಡ್ ಎಸ್ಟೇಟಿನ ‘ಬ್ರಿಟಾನಿಯಾ’ ೧೯೨೩ರದು. ಅಂದಿನ ಆಂಗ್ಲ ಅಧಿಕಾರಿಗಳ ರುಚಿಗೆ ತಕ್ಕ ಊಟ ಅದರ ಮೊದಲ ವ್ಯವಸಾಯ. ಇಂದು ಜನ ಹುಡುಕಿಕೊಂಡು ಹೋಗುವ ಅಲ್ಲಿಯ ಬೆರಿ ಪುಲಾವ್, ಮಾಲೀಕರ ಮನೆಯಾಕೆ ಇರಾನಿನಿಂದ ಬಂದ ಮೇಲೆ, ಸ್ಥಾಪನೆಯಾಗಿ ಹಲವು ದಶಕಗಳು ಕಳೆದ ನಂತರ, ಸೇರಿಕೊಂಡದ್ದು. ಇದರಿಂದ ಆ ಮನೆಗೆ ಕುಂದಿಲ್ಲ. ಅದು ಬಹುಕಾಲ ಮಧ್ಯಾಹ್ನದ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತಿತ್ತು. ಏಕೆಂದರೆ ಬ್ಯಾಲಾರ್ಡ್ ಎಸ್ಟೇಟು ಕಚೇರಿಗಳ ಪೇಟೆ, ಸಂಜೆಗೆ ಅಲ್ಲಿ ಉಣ್ಣುವವರಿಲ್ಲ. ತಿನಿಸು ಬದಲಾದರೂ ಹೊತ್ತು ಬದಲಾಗಲಿಲ್ಲ. ಹಳೆತನ ಇಂಥ ಕಡೆಯಲ್ಲಿ ಅಡಗಿರುತ್ತದೆ.

ಒಳಗೆ ಕಾಲಿಟ್ಟ ಮೇಲೆ ನೋಡಬೇಕಾದವು ಮೂರು. ಒಂದು, ಹೊತ್ತಿನ ನಿಯಮ. ಬೆಳಿಗ್ಗೆ ಸಿಕ್ಕುವುದು ಮಧ್ಯಾಹ್ನ ಸಿಕ್ಕದಿದ್ದರೆ, ವಾರದ ಒಂದು ದಿನ ಮಾತ್ರ ಒಂದು ಪದಾರ್ಥ ಬರುವುದಾದರೆ, ‘ಆಗಿಹೋಯಿತು’ ಎಂದು ಮಾಣಿ ಸಂಕೋಚವಿಲ್ಲದೆ ಹೇಳುವುದಾದರೆ, ಆ ಅಡಿಗೆಮನೆ ಗಡಿಯಾರವನ್ನೂ ಸಂತೆಯನ್ನೂ ನೋಡಿ ನಡೆಯುತ್ತದೆಂದು ತಿಳಿಯಬಹುದು. ಎರಡು, ಆಸನದ ವ್ಯವಸ್ಥೆ. ರಾಮ ನಾಯಕರ ಬೋರ್ಡಿಂಗಿನಲ್ಲಿ ಹಣ ಕೊಟ್ಟು ಚೀಟಿ ಪಡೆದು, ಸರದಿ ಬಂದಾಗ ತೆರವಾದ ಜಾಗದಲ್ಲಿ ಕುಳಿತುಕೊಳ್ಳಬೇಕು, ಪಕ್ಕದಲ್ಲಿ ಯಾರೋ, ಎದುರಿಗೆ ಯಾರೋ, ಮುಂದೆ ಬಾಳೆಯೆಲೆ. ಸಾವಕಾಶವಾಗಿ ಹರಟೆ ಹೊಡೆಯಲು ಅದು ತಕ್ಕ ಸ್ಥಳವಲ್ಲ; ಬೋರ್ಡಿಂಗು ಅದಕ್ಕಾಗಿ ಹುಟ್ಟಿದ್ದೂ ಅಲ್ಲ. ಇರಾಣಿ ಅಂಗಡಿಯಲ್ಲಿ ಇದಕ್ಕೆ ತದ್ವಿರುದ್ಧ: ಒಂದು ಬನ್ ಮಸ್ಕಾ, ಒಂದು ಚಹ, ಅಮೃತಶಿಲೆಯ ಮೇಜು, ಗಂಟೆಗಟ್ಟಲೆ ವೃತ್ತಪತ್ರಿಕೆ. ಎರಡೂ ತಮ್ಮ ತಮ್ಮ ಗಿರಾಕಿಯನ್ನು ಬಲ್ಲವು. ಮೂರನೆಯದು, ಎಲ್ಲಕ್ಕೂ ಮುಖ್ಯವಾದದ್ದು: ಏನೂ ಹೇಳದೆ ಕುಳಿತವನ ಮುಂದೆ ಮಾಣಿ ತಾನಾಗಿ ತಟ್ಟೆ ತಂದಿಡುವ ಒಬ್ಬನಾದರೂ ಅಲ್ಲಿದ್ದಾನೆಯೆ? ಇದ್ದರೆ ನಿಶ್ಚಿಂತೆಯಾಗಿ ಕುಳಿತುಕೊಳ್ಳಬಹುದು. ಭಾನುವಾರ ಈ ಪರೀಕ್ಷೆ ನಡೆಯುವುದಿಲ್ಲ. ಅಂದು ಇಡೀ ನಗರವೇ ಅತಿಥಿ. ಕೆಲಸದ ದಿನ ಹೋಗಬೇಕು.

೪

ಇಷ್ಟರವರೆಗೆ ಹೇಳಿದ್ದು ಹಳೆಯ ಹೋಟೆಲಿನ ಗುಣಪಕ್ಷ. ವಿಮರ್ಶೆ ಇಲ್ಲಿಗೇ ನಿಂತರೆ ಅದು ಸ್ತುತಿಯಾಗುತ್ತದೆ.

ಹಳೆಯ ಹೋಟೆಲು ಎಲ್ಲರಿಗೂ ತೆರೆದಿರಲಿಲ್ಲ. ‘ಬ್ರಾಹ್ಮಣರ ಹೋಟೆಲು’ ಎಂಬ ಹಲಗೆಯನ್ನು ಕಂಡವರು ನಮ್ಮ ಹಿಂದಿನ ತಲೆಮಾರಿನಲ್ಲಿ ಅನೇಕರಿದ್ದರು. ಒಳಗೆ ಬೇರೆ ಪಂಕ್ತಿ, ಹೊರಗೆ ಬೇರೆ ಲೋಟ ಇದ್ದ ಕಾಲ ಅದು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿ, ಅಂಗಡಿ ಮತ್ತು ಸಾರ್ವಜನಿಕ ಉಪಾಹಾರಗೃಹಗಳ ಪ್ರವೇಶಕ್ಕೆ ಜಾತಿಯ ಅಡ್ಡಿ ಇರಕೂಡದೆಂದು ಬಿಡಿಸಿ ಹೇಳಬೇಕಾಯಿತು; ೧೯೫೫ರಲ್ಲಿ ಅಸ್ಪೃಶ್ಯತೆಯ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾಯಿದೆ ಬಂತು. ಊರಿನ ಹೆಸರೂ ಜಾತಿಯ ಮೂಲವೂ ತಿಳಿಯದ ಅಪರಿಚಿತನೊಡನೆ ಒಂದೇ ಮೇಜಿನಲ್ಲಿ ಉಣ್ಣುವುದನ್ನು ನಮ್ಮವರಿಗೆ ಕಲಿಸಿದ್ದರಲ್ಲಿ ಹೋಟೆಲಿನ ಪಾತ್ರ ಹಿರಿದೆಂಬುದು ನಿಜ. ಬಾಗಿಲಲ್ಲೇ ಕೆಲವರನ್ನು ತಡೆದದ್ದೂ ಅದೇ ಹೋಟೆಲು. ಎರಡನ್ನೂ ನೆನೆಯಬೇಕು.

ಎರಡನೆಯದು ನಮಗೆ ಇನ್ನೂ ಹತ್ತಿರದ ವಿಷಯ. ಕರಾವಳಿಯಿಂದ ಹಡಗು ಹತ್ತಿ ಬಂದ ಹುಡುಗರು ಈ ಮನೆಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಅದೇ ಮೇಜುಗಳ ಮೇಲೆ ಮಲಗಿದರು. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರ ಕಥೆಯನ್ನು ನಾವು ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ ಶಾಲೆಗೆ ಹೋಗಲಾರದೆ ಲೋಟದ ನೀರಿನಲ್ಲೇ ಕೈ ಬೆಳ್ಳಗಾದವರ ಸಂಖ್ಯೆ ಹೆಚ್ಚಲ್ಲವೆ? ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು ೨೦೦೬ರ ಅಕ್ಟೋಬರಿನಲ್ಲಿ. ‘ಹಿಂದೆ ಎಷ್ಟು ಅಗ್ಗವಿತ್ತು’ ಎಂದು ನಿಟ್ಟುಸಿರಿಡುವಾಗ, ಆ ಅಗ್ಗವನ್ನು ಯಾರು ತೆತ್ತರು ಎಂಬುದನ್ನು ಮರೆಯಬಾರದು.

ಮೂರನೆಯದು, ಯಾವ ಪಟ್ಟಿಯಲ್ಲಿಯೂ ಇಲ್ಲದ ಹಳೆಯ ಊಟದ ಮನೆ. ಪರಳ, ಲಾಲಬಾಗಗಳ ಚಾಳುಗಳಲ್ಲಿ ಹೆಂಗಸರು ನಡೆಸಿದ ಖಾನಾವಳಿಗಳಿಗೆ ಹೆಸರು ಹಲಗೆಯೇ ಇರಲಿಲ್ಲ. ಗಿರಣಿಯ ಪಾಳಿಗೆ ಸರಿಯಾಗಿ ರೊಟ್ಟಿ ಬಡಿದು, ತಿಂಗಳ ಕೊನೆಗೆ ಹಣ ಪಡೆದು, ನಡುವೆ ಸಾಲ ಮಾಡಿ ಅವರು ಒಲೆ ಉರಿಸಿದರು. ಅವರನ್ನು ಬಡ್ಡಿಯ ಬಲೆಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಲು ಪ್ರೇಮಾ ಪುರವ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ೧೯೮೨ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಉಣ್ಣುವವನು ಹೋದ ಮೇಲೆ ಖಾನಾವಳಿ ಉಳಿಯುವ ಬಗೆಯೆಂತು? ಅಡಿಗೆ ಕೆಟ್ಟು ಅವು ಮುಚ್ಚಲಿಲ್ಲ. ನನ್ನ ಅಳತೆಗೋಲು ಇಲ್ಲಿ ಅತ್ಯಂತ ಕಠೋರವಾಗಿ ನಿಜವಾಗುತ್ತದೆ. ಮುಂಬಯಿಯ ಅತ್ಯಂತ ಹಳೆಯ ಪದ್ಧತಿಯ ಊಟವನ್ನು ಇಂದಿನ ಅತಿಥಿಗೆ ತೋರಿಸುವುದು ಬಹುಮಟ್ಟಿಗೆ ಸಾಧ್ಯವೇ ಇಲ್ಲ.

೫

ಹಾಗಾದರೆ ಅತಿಥಿಗೆ ಏನು ಹೇಳೋಣ? ಪಟ್ಟಿಯನ್ನು ಜೇಬಿನಲ್ಲಿಡಿ ಎನ್ನೋಣ. ನಿಲ್ದಾಣದ ಮಗ್ಗುಲಲ್ಲಿ, ನ್ಯಾಯಾಲಯದ ಹಿಂದೆ, ಹೂವಿನ ಪೇಟೆಯ ಪಕ್ಕದಲ್ಲಿ, ಎಲ್ಲಿ ಜನ ದಿನವೂ ಉಣ್ಣಲೇಬೇಕೋ ಅಲ್ಲಿ ನೋಡಿ ಎನ್ನೋಣ. ಹೋಟೆಲು ಯಾವುದೆಂದು ಕೇಳುವುದರ ಬದಲು, ಇಲ್ಲಿ ಕೆಲಸ ಮಾಡುವವರು ಎಲ್ಲಿ ಉಣ್ಣುತ್ತಾರೆಂದು ಕೇಳಿದರೆ ಉತ್ತರ ಬೇಗ ಸಿಕ್ಕುತ್ತದೆ. ಮದರಾಸಿಗೋ ಹೈದರಾಬಾದಿಗೋ ಹೋದಾಗ ನಾವೂ ಹೀಗೆಯೇ ಕೇಳಬಹುದು.

ನಮ್ಮ ಸಂಘಗಳಿಗೂ ಒಂದು ಮಾತು. ಮುಂಬಯಿ ಕನ್ನಡಿಗರ ಕವಿಗಳನ್ನು, ನಾಟಕಗಳನ್ನು, ಪತ್ರಿಕೆಗಳನ್ನು ನಾವು ಶ್ರದ್ಧೆಯಿಂದ ದಾಖಲೆ ಮಾಡಿದ್ದೇವೆ. ಹೋಟೆಲುಗಳ ದರಪಟ್ಟಿ, ಸಂಬಳದ ಪುಸ್ತಕ, ಊಟದ ಚೀಟಿ, ಮಾಣಿಗಳಾಗಿದ್ದ ಹಿರಿಯರ ಬಾಯಿಮಾತು, ಇವುಗಳಿಗೂ ಅಷ್ಟೇ ಶ್ರದ್ಧೆ ಬೇಕಾಗಿದೆ. ಕಟ್ಟಡ ಕೆಡವುವ ದಿನ ಮೊದಲು ಕಸಕ್ಕೆ ಹೋಗುವುದು ಇವೇ.

ಧಾರವಾಡದ ಮಿತ್ರರನ್ನು ಮರುದಿನ, ಕೆಲಸದ ದಿನವೇ, ಮಧ್ಯಾಹ್ನ ಹನ್ನೆರಡೂವರೆಗೆ ಮಾಟುಂಗಾಕ್ಕೆ ಕರೆದುಕೊಂಡು ಹೋದೆ. ಮಹಡಿ ಹತ್ತಿ, ಚೀಟಿ ಹಿಡಿದು ಕಾದೆವು. ನಮ್ಮ ಪಕ್ಕಕ್ಕೆ ಕುಳಿತ ವೃದ್ಧರು ಮಾತಾಡಲಿಲ್ಲ. ಎಲೆಗೆ ನೀರು ಚಿಮುಕಿಸಿ, ಎರಡನೆಯ ಸಲ ಸಾರು ಹಾಕಿಸಿಕೊಂಡು, ಕೈ ತೊಳೆದು ಹೊರಟುಹೋದರು. ಮಿತ್ರರು ಅವರನ್ನೇ ನೋಡುತ್ತಿದ್ದರು. ತಮ್ಮ ಪಟ್ಟಿಯನ್ನು ಅಂದು ಅವರು ಹೊರಗೆ ತೆಗೆಯಲಿಲ್ಲ.