ಮೌನಕ್ಕೆ ಕೊಟ್ಟ ಆಧಾರ

ಮಾರ್ಮನ್ ಸಭೆಯು 1842ರಲ್ಲಿಯೇ ಸ್ತ್ರೀಯರಿಗಾಗಿ ರಿಲೀಫ್ ಸೊಸೈಟಿಯನ್ನು ಸ್ಥಾಪಿಸಿತು. 1978ರಲ್ಲಿ ಕಪ್ಪು ವರ್ಣದ ಪುರುಷರಿಗೂ ಯಾಜಕತ್ವವನ್ನು ತೆರೆಯಿತು. ಅದನ್ನೇ ಸ್ತ್ರೀಯರಿಗಾಗಿ ಕೇಳಿದ ಕೇಟ್ ಕೆಲ್ಲಿಯವರನ್ನು 2014ರಲ್ಲಿ ಬಹಿಷ್ಕರಿಸಿತು. ಅವರ ಉಪದೇಶ ನಮ್ಮದಲ್ಲ. ಆದರೂ ಇದನ್ನು ದೂರದ ಪಂಗಡದ ಜಗಳವೆಂದು ತಳ್ಳಿಹಾಕಲು ನಮ್ಮಿಂದಾಗದು. ದಕ್ಷಿಣ ಭಾರತ ಸಭೆಯು ಸ್ತ್ರೀಯರ ಅಭಿಷೇಕವನ್ನು ಒಪ್ಪಿದೆ. 2013ರಲ್ಲಿ ಪುಷ್ಪಲಲಿತ ಅವರು ನಂದ್ಯಾಲದ ಬಿಷಪರಾದರು. ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳ ಚಿಕ್ಕ ಸಭೆಗಳಿಗೆ ಇದರಿಂದ ತಲುಪಿದ್ದೇನು ಎಂಬುದು ನಮ್ಮ ಪ್ರಶ್ನೆ. ಬಹಿಷ್ಕಾರವೇನೋ ನಮ್ಮಲ್ಲಿಲ್ಲ, ಪ್ರಶ್ನಿಸಿದವಳ ಹೆಸರು ಮುಂದಿನ ಸಮಿತಿಯ ಪಟ್ಟಿಯಿಂದ ಸದ್ದಿಲ್ಲದೆ ಜಾರಿಬಿಡಬಹುದು, ಅಷ್ಟೇ. ಸ್ತ್ರೀಯರ ಕೂಟದಲ್ಲಿ ವೇದಪಾಠ ನಡೆಸುವ ತಾಯಿಯನ್ನು ಭಾನುವಾರದ ಪ್ರಸಂಗಪೀಠಕ್ಕೆ ಕರೆಯಲು ಹಿಂಜರಿಯುವವರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಅದೇ ಪತ್ರಿಕೆಯ 11ನೆಯ ಅಧ್ಯಾಯವಾದರೋ ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ನಡೆಯುತ್ತಿರುವ ಸಂಗತಿಯೆಂದೇ ಎಣಿಸಿ ಮಾತಾಡುತ್ತದೆ. ಮುಸುಕಿನ ವಿಷಯಕ್ಕೆ ಆ ಅಧ್ಯಾಯವನ್ನು ಎತ್ತಿಹಿಡಿಯುವ ನಾವು ಮಾತಿನ ವಿಷಯಕ್ಕೆ ಅದನ್ನು ಮರೆಯುತ್ತೇವೆ. ಇವೆರಡರ ನಡುವೆ ಒಂದೇ ದೇಹದ ಬೇರೆಬೇರೆ ಅವಯವಗಳನ್ನು ಕುರಿತ 12ನೆಯ ಅಧ್ಯಾಯವಿದೆ. 14ಕ್ಕೆ ಹೋಗುವವರು ಅದನ್ನು ಓದಿಕೊಂಡೇ ಹೋಗಬೇಕು.