ಒಂದು ಮೂಟೆ ಕಡಲೆಕಾಯಿ

ತುರ್ವಿಹಾಳದ ಭತ್ತದ ಗದ್ದೆಗಳಲ್ಲಿ ಧಣಿ ಮರೆಯಾದೊಡನೆ ನಾಟಿಯ ಕೈಗಳು ನಿಧಾನವಾದರೆ ಅದನ್ನು ಸೋಮಾರಿತನವೆನ್ನುತ್ತೇವೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ಓದಿದ ಮೇಲೆ ಆ ಮಾತನ್ನಾಡಲು ನಾಲಿಗೆ ಹಿಂಜರಿಯುತ್ತದೆ. ಸಾಹುಕಾರನಿಂದ ಕದ್ದು ತಂದ ಒಂದು ಮೂಟೆ ಕಡಲೆಕಾಯಿಯನ್ನು (ನಮ್ಮ ಕಡೆಯ ಶೇಂಗಾ) ಸಾಕವ್ವನ ಮನೆಯವರು ಒಂದೇ ರಾತ್ರಿ ಬೆಂಕಿಯ ಸುತ್ತ ಕುಳಿತು ತಿಂದು ಮುಗಿಸುತ್ತಾರೆ, ಸಿಪ್ಪೆಯೂ ಬೂದಿಯಾಗುತ್ತದೆ. ಶೋಧನೆಗೆ ಬಂದ ಪೊಲೀಸರಿಗೆ ಸುಳಿವೇ ಸಿಗುವುದಿಲ್ಲ.

ಪ್ರಾಣಕ್ಕೆ ಕುತ್ತು ತರುವ ಹಸಿವಿನಲ್ಲಿ ಪರರ ವಸ್ತುವನ್ನು ತೆಗೆದುಕೊಳ್ಳುವುದು ಕಳ್ಳತನವಲ್ಲವೆಂದು ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿಯೇ ಬರೆದರು. ಆದರೆ ಆ ನ್ಯಾಯ ಹಸಿವಿನಷ್ಟಕ್ಕೆ ಮಾತ್ರ ಸಾಲುತ್ತದೆ. ಇವರಾದರೋ ಹೊಟ್ಟೆ ತುಂಬಿದ ಮೇಲೂ ಸಂಭ್ರಮದಿಂದ ತಿನ್ನುತ್ತಾರೆ. ಇದನ್ನು ಬಂಡಾಯವೆನ್ನಲು ನನಗೆ ಮನಸ್ಸಿಲ್ಲ; ಘೋಷಣೆಯಿಲ್ಲ, ನಾಯಕನಿಲ್ಲ. ಸದಾ ಅಂಜಿ ಬದುಕಿದವರು ಒಂದು ರಾತ್ರಿ ಅಂಜಿಕೆಯನ್ನು ಮರೆತರು, ಅಷ್ಟೆ. ಪಾಪನಿವೇದನೆಯ ಪೀಠದಲ್ಲಿ ‘ಕದ್ದೆ, ಸ್ವಾಮಿ’ ಎಂಬ ದನಿ ಕೇಳಿದರೆ ಆ ಸಂಭ್ರಮವನ್ನು ಯಾವ ಲೆಕ್ಕಕ್ಕೆ ಸೇರಿಸಲಿ?